ಕಡತದಿಂದ ಕೈಗಣಕಕ್ಕೆ: ಗಳಗನಾಥದ ಸೀಮೆಯಿಂದ ಒಂದು ಅವಲೋಕನ

ಕೈಯಲ್ಲಿ ಹಿಡಿದೊಯ್ದು, ಬೇಕಾದ ಸ್ಥಳದಲ್ಲಿ ಬಿಚ್ಚಿ, ಬರೆದು, ಅಳಿಸಿ, ಮತ್ತೆ ಬರೆಯಬಹುದಾದ ಉಪಕರಣವು ಕನ್ನಡ ನಾಡಿಗೆ ಹೊಸತಲ್ಲ. ಬೆಂಗಳೂರಿನ ವಿಜ್ಞಾನಿಗಳು 2001ರಲ್ಲಿ ಸಿಂಪ್ಯೂಟರ್ ಎಂಬ ಅಂಗೈಯಗಲದ ಗಣಕಯಂತ್ರವನ್ನು ಜನರ ಮುಂದಿಟ್ಟಾಗ ಅದನ್ನು ಹಿಂದೆಂದೂ ಕಾಣದ ವಸ್ತುವೆಂದೇ ವರ್ಣಿಸಲಾಯಿತು. ಯಂತ್ರದ ಮಟ್ಟಿಗೆ ಈ ಮಾತು ನಿಜವೇ. ಆದರೆ ಅದು ಮಾಡಹೊರಟ ಕಾರ್ಯದ ಮಟ್ಟಿಗೆ ಅದಕ್ಕೊಬ್ಬ ಹಿರಿಯನಿದ್ದನು; ಅವನ ಹೆಸರು ಕಡತ. ಇವೆರಡನ್ನೂ ಒಂದೇ ಸೀಮೆಯ ಭೂದಾಖಲೆಯ ಇತಿಹಾಸದಲ್ಲಿಟ್ಟು ನೋಡಿದರೆ, ಬರೆಹದ ಉಪಕರಣವು ಚಿಕ್ಕದೋ ದೊಡ್ಡದೋ ಎಂಬುದಕ್ಕಿಂತ ಬರೆಹವು ಎಲ್ಲಿ, ಯಾರ ಕೈಯಿಂದ ನಡೆಯುತ್ತದೆ ಎಂಬುದೇ ಮುಖ್ಯವಾದ ಪ್ರಶ್ನೆಯೆಂದು ನಮಗೆ ತೋರುತ್ತದೆ.

ಹಾವೇರಿ ತಾಲೂಕಿನ ಗಳಗನಾಥವು ವರದಾ ಮತ್ತು ತುಂಗಭದ್ರಾ ನದಿಗಳು ಕೂಡುವ ಸ್ಥಳದಲ್ಲಿರುವ ಗ್ರಾಮ. ಹನ್ನೊಂದನೆಯ ಶತಮಾನದ ಗಳಗೇಶ್ವರ ದೇವಾಲಯವೂ ಅಲ್ಲಿಯ ಶಾಸನಗಳೂ ಇತಿಹಾಸದ ವಿದ್ಯಾರ್ಥಿಗಳಿಗೆ ಪರಿಚಿತವಾದವುಗಳೇ. ಕಲ್ಲಿನ ಮೇಲೆ ಬರೆದ ದತ್ತಿಯು ಊರವರೆಲ್ಲರ ಕಣ್ಣೆದುರು ನಿಂತಿರುತ್ತದೆ. ಅದನ್ನು ತಿದ್ದಬೇಕಾದರೆ ಎಲ್ಲರಿಗೂ ಕಾಣುವಂತೆ ಕಲ್ಲನ್ನೇ ಕೆತ್ತಬೇಕು. ಆದರೆ ಪ್ರತಿವರ್ಷ ಬದಲಾಗುವ ಬೆಳೆ, ಬಾಕಿ, ಸಾಗುವಳಿದಾರ ಇವುಗಳನ್ನು ಕಲ್ಲಿನಲ್ಲಿ ಬರೆಯಲಾಗದು. ಈ ಬಗೆಯ ಲೆಕ್ಕಕ್ಕಾಗಿಯೇ ದಕ್ಷಿಣದಲ್ಲಿ ಕಡತವು ಬೆಳೆದುಬಂದಿತು.

ಕಡತದ ಅತ್ಯಂತ ಸ್ಪಷ್ಟವಾದ ವರ್ಣನೆಯನ್ನು ಕೊಟ್ಟವನು ಮೈಸೂರಿನಲ್ಲಿ ರೆಸಿಡೆಂಟನಾಗಿದ್ದ ಮಾರ್ಕ್ ವಿಲ್ಕ್ಸ್. 1810ರಲ್ಲಿ ಲಂಡನ್ನಿನಲ್ಲಿ ಪ್ರಕಟವಾದ ಅವನ ದಕ್ಷಿಣ ಭಾರತದ ಇತಿಹಾಸದ ಮೊದಲ ಸಂಪುಟದಲ್ಲಿ ಇದು ದೊರೆಯುತ್ತದೆ. ಎಂಟು ಅಂಗುಲದಿಂದ ಒಂದು ಅಡಿಯಷ್ಟು ಅಗಲ, ಹನ್ನೆರಡರಿಂದ ಹದಿನೆಂಟು ಅಡಿ ಉದ್ದದ ಬಟ್ಟೆಯ ಎರಡೂ ಮಗ್ಗುಲಿಗೆ ಅಂಟು ಮತ್ತು ಇದ್ದಲಪುಡಿಯ ಲೇಪವನ್ನು ಕೊಡುತ್ತಿದ್ದರು. ಒಣಗಿದ ಮೇಲೆ ಕತ್ತರಿಸದೆ ಸಮನಾದ ಮಡಿಕೆಗಳಾಗಿ ಮಡಿಸಿ, ಎರಡು ತುದಿಗಳಿಗೂ ಮರದ ಹಲಗೆಗಳನ್ನು ಅಂಟಿಸುತ್ತಿದ್ದರು. ಅಂಟಿಗೆ ನಮ್ಮ ಕಡೆ ಹುಣಸೆಬೀಜದ ಸರಿಯನ್ನು ಬಳಸುತ್ತಿದ್ದುದು ತಿಳಿದ ವಿಷಯ. ಬರೆಯುವುದು ಬಳಪದಿಂದ, ಕಪ್ಪಿನ ಮೇಲೆ ಬಿಳಿಯ ಅಕ್ಷರ. ಒರಸಿದರೆ ಬರೆಹವು ಹೋಗುತ್ತಿತ್ತು. ಜೋಪಾನ ಮಾಡಿದರೆ ಕಾಗದಕ್ಕಿಂತಲೂ ಹೆಚ್ಚು ಕಾಲ ಬಾಳಬಲ್ಲದೆಂದು ವಿಲ್ಕ್ಸನ ಅಭಿಪ್ರಾಯ. ಶೃಂಗೇರಿ ಮಠದ ಕಡತಗಳು ಇಂದಿಗೂ ಉಳಿದುಬಂದು ಇತಿಹಾಸಕಾರರಿಗೆ ಆಕರಗಳಾಗಿರುವುದು ಅವನ ಮಾತಿಗೆ ಸಮರ್ಥನೆಯಾಗಿದೆ.

ಇಲ್ಲಿ ಗಮನಿಸತಕ್ಕ ಅಂಶವೊಂದುಂಟು. ಕಡತವು ಕೆಟ್ಟರೆ ಅದನ್ನು ಸರಿಪಡಿಸುವವನು ಅದರ ಒಡೆಯನೇ. ಲೇಪ ಉದುರಿದಲ್ಲಿ ಮತ್ತೆ ಸರಿ ಕಾಯಿಸಿ, ಇದ್ದಲು ಅರೆದು, ಸವರಿ, ಬಿಸಿಲಿಗೆ ಹಾಕಿದರಾಯಿತು. ಬಳಪದ ಕಲ್ಲು ಈ ನಾಡಿನಲ್ಲಿ ಹೇರಳವಾಗಿತ್ತು. ಉಪಕರಣವನ್ನು ಮಾಡುವವನು, ಬಳಸುವವನು, ರಿಪೇರಿ ಮಾಡುವವನು ಬೇರೆಬೇರೆಯಾಗಿರಲಿಲ್ಲ.

ಆದರೆ ಇದೇ ಗುಣವು ರೈತನ ಪಾಲಿಗೆ ಸಂಕಟವೂ ಆಗಿತ್ತು. ಅಳಿಸಿ ಬರೆಯಬಹುದಾದ ಪುಸ್ತಕವು ಒಬ್ಬನ ಬಗಲಿನಲ್ಲಿಯೇ ಇದ್ದಾಗ ಅದರಲ್ಲಿ ಏನಿದೆಯೆಂಬುದು ಅವನಿಗೇ ಗೊತ್ತು. ಹಳೆಯ ಮೈಸೂರಿನಲ್ಲಿ ಶಾನುಭೋಗರೂ ಧಾರವಾಡದ ಸೀಮೆಯಲ್ಲಿ ಕುಲಕರ್ಣಿಗಳೂ ವಂಶಪಾರಂಪರ್ಯವಾಗಿ ಈ ಅಧಿಕಾರವನ್ನು ಅನುಭವಿಸಿದರು. ಪೇಶ್ವೆಯರ ಆಳಿಕೆಯಲ್ಲಿ ಮೋಡಿ ಲಿಪಿಯ ಲೆಕ್ಕಗಳು ಬಂದ ಮೇಲಂತೂ ಕನ್ನಡವನ್ನು ಓದಬಲ್ಲ ರೈತನಿಗೂ ತನ್ನ ಹೊಲದ ಲೆಕ್ಕವು ಅಗಮ್ಯವಾಯಿತು. (ಗಳಗನಾಥರೆಂಬ ಕಾವ್ಯನಾಮದಿಂದ ಪ್ರಸಿದ್ಧರಾದ ಕಾದಂಬರಿಕಾರ ವೆಂಕಟೇಶ ತಿರಕೊ ಕುಲಕರ್ಣಿಯವರು, 1869-1942, ಈ ಊರಿನವರೇ. ಹಳ್ಳಿಯ ಲೆಕ್ಕವನ್ನು ಮುಚ್ಚಿಟ್ಟುಕೊಳ್ಳುವ ವೃತ್ತಿಯ ಹೆಸರನ್ನು ಹೊತ್ತಿದ್ದ ಅವರು, ತಮ್ಮ ಪುಸ್ತಕಗಳನ್ನು ತಲೆಯ ಮೇಲೆ ಹೊತ್ತು ಊರೂರು ತಿರುಗಿ ಮಾರಿದರೆಂಬುದು ನಮ್ಮ ಜನರ ನೆನಪಿನಲ್ಲಿ ಉಳಿದಿದೆ.) ಮುಂಬಯಿ ಸರಕಾರವು 1950ರ ಕಾಯಿದೆಯಿಂದ ಕುಲಕರ್ಣಿ ವತನಗಳನ್ನು ರದ್ದುಗೊಳಿಸಿದ ತರುವಾಯ ಸಂಬಳದ ತಲಾಠಿಗಳು ಬಂದರು. ಕಾಲಕ್ರಮದಲ್ಲಿ ಕಡತದ ಸ್ಥಾನದಲ್ಲಿ ಕಾಗದದ ಉತಾರಗಳು ನೆಲೆಗೊಂಡಿದ್ದವು. ಕಡತವೆಂಬ ಶಬ್ದ ಮಾತ್ರ ಸಾಯಲಿಲ್ಲ. ಅದು ಮೊದಲು ಕಚೇರಿಯ ಫೈಲಿಗೆ, ಆಮೇಲೆ ಗಣಕದೊಳಗಿನ ಫೈಲಿಗೂ ಹೆಸರಾಯಿತು.

ಈ ಶತಮಾನದ ಆರಂಭದಲ್ಲಿ ಕರ್ನಾಟಕ ಸರಕಾರವು ಭೂಮಿ ಎಂಬ ಯೋಜನೆಯನ್ವಯ ಸುಮಾರು 67 ಲಕ್ಷ ಭೂಮಾಲೀಕರ 2 ಕೋಟಿಯಷ್ಟು ದಾಖಲೆಗಳನ್ನು ಗಣಕಕ್ಕೆ ಏರಿಸಿತು. ಗಣಕೀಕರಣ ಮುಗಿದ ತಾಲೂಕುಗಳಲ್ಲಿ ಕೈಬರೆಹದ ಪಹಣಿಗೆ ಮಾನ್ಯತೆ ಹೋಯಿತು. ಆಗ ಹದಿನೈದು ರೂಪಾಯಿ ಕೊಟ್ಟರೆ ತಾಲೂಕು ಕಚೇರಿಯಲ್ಲಿ ಅಚ್ಚಾದ ಉತಾರ ಸಿಗುತ್ತಿತ್ತು. ತಿದ್ದುಪಡಿ ಮಾಡುವ ಅಧಿಕಾರಿಯು ಬೆರಳಚ್ಚನ್ನು ಒತ್ತಿಯೇ ಒಳಹೋಗಬೇಕು. ಗುಟ್ಟಾಗಿ ಅಳಿಸಿ ಬರೆಯುವ ಹಳೆಯ ದೋಷಕ್ಕೆ ಇದು ದೊಡ್ಡ ತಡೆಯೆಂಬುದರಲ್ಲಿ ಸಂದೇಹವಿಲ್ಲ. ಆದರೆ ಇದರೊಡನೆ ಬರೆಹದ ಸ್ಥಳವೇ ಊರಿನಿಂದ ಎದ್ದು ತಾಲೂಕಿಗೆ ಹೋಯಿತು. ಗಳಗನಾಥದ ರೈತನ ಹೊಲದಲ್ಲಿ ಏನು ಬೆಳೆದಿದೆಯೆಂಬುದನ್ನು ಹೊಲದಲ್ಲಿ ನೋಡಿ, ಕಾಗದದಲ್ಲಿ ಗೀಚಿ, ಹಾವೇರಿಯಲ್ಲಿ ಇನ್ನೊಬ್ಬರಿಂದ ಗಣಕದಲ್ಲಿ ಮೂಡಿಸಬೇಕಾಯಿತು. ನೋಡಿದವನೊಬ್ಬ, ಬರೆದವನೊಬ್ಬನಾದಾಗ ತಪ್ಪು ನುಸುಳುವುದು ಸಹಜ.

ಸಿಂಪ್ಯೂಟರಿನ ಐತಿಹಾಸಿಕ ಮಹತ್ವವಿರುವುದು ಈ ಅಂತರದಲ್ಲಿ. ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಾಧ್ಯಾಪಕರಾಗಿದ್ದ ವಿಜಯ ಚಂದ್ರು, ಸ್ವಾಮಿ ಮನೋಹರ್, ರಮೇಶ್ ಹರಿಹರನ್, ವಿ. ವಿನಯ್ ಇವರೂ ಎನ್‌ಕೋರ್ ಸಂಸ್ಥೆಯ ವಿನಯ್ ದೇಶಪಾಂಡೆ ಮೊದಲಾದವರೂ ಸೇರಿ 1999ರಲ್ಲಿ ಸಿಂಪ್ಯೂಟರ್ ಟ್ರಸ್ಟನ್ನು ಸ್ಥಾಪಿಸಿದರು. ಮಾದರಿಯನ್ನು 2001ರ ಏಪ್ರಿಲಿನಲ್ಲಿ ಪ್ರದರ್ಶಿಸಲಾಯಿತು. 206 ಮೆಗಾಹರ್ಟ್ಸ್ ವೇಗದ ಸ್ಟ್ರಾಂಗ್‌ಆರ್ಮ್ ಸಂಸ್ಕಾರಕ, 320ಕ್ಕೆ 240 ಬಿಂದುಗಳ ಮುಟ್ಟುತೆರೆ, ಲಿನಕ್ಸ್ ವ್ಯವಸ್ಥೆ. ಕೀಲಿಮಣೆಯಿಲ್ಲ, ಬರೆಯಲು ಒಂದು ಕಡ್ಡಿ ಮಾತ್ರ. ಒಂದೇ ಯಂತ್ರವನ್ನು ಊರವರೆಲ್ಲ ಹಂಚಿಕೊಳ್ಳಬೇಕು, ಪ್ರತಿಯೊಬ್ಬನೂ ತನ್ನ ವಿವರವನ್ನು ಸ್ಮಾರ್ಟ್ ಕಾರ್ಡಿನಲ್ಲಿ ತನ್ನ ಬಳಿಯೇ ಇಟ್ಟುಕೊಳ್ಳಬೇಕು ಎಂಬುದು ಇದರ ಮೂಲ ಕಲ್ಪನೆ. ಕಡತದ ಕಾಲದ ದೋಷಕ್ಕೆ ಇದಕ್ಕಿಂತ ಜಾಣತನದ ಪರಿಹಾರವನ್ನು ನಾವು ಬೇರೆಡೆ ಕಂಡಿಲ್ಲ: ಉಪಕರಣವು ಸಾಮಾನ್ಯರದು, ಬರೆಹವು ಅವರವರದು.

ಓದು ಬಾರದವರಿಗಾಗಿ ಧ್ವನಿ ಎಂಬ ತಂತ್ರಾಂಶವು ಹಿಂದಿ ಮತ್ತು ಕನ್ನಡ ಪಠ್ಯಗಳನ್ನು ಗಟ್ಟಿಯಾಗಿ ಓದಿ ಹೇಳುತ್ತಿತ್ತು. ಹೀಗೆ ಈ ಯಂತ್ರವು ಕನ್ನಡವನ್ನು ತೋರಿಸಬಲ್ಲದಾಗಿತ್ತು, ನುಡಿಯಬಲ್ಲದಾಗಿತ್ತು. ತೊಡಕು ಬಂದದ್ದು ಬರೆಯುವಲ್ಲಿ.

ಈ ತೊಡಕು ಸಿಂಪ್ಯೂಟರಿಗೆ ಮಾತ್ರ ಸೇರಿದ್ದಲ್ಲ. 1993ರಲ್ಲಿ ಅಮೆರಿಕದಲ್ಲಿ ಬಂದ ನ್ಯೂಟನ್ ಎಂಬ ಕೈಗಣಕವು ಕೈಬರೆಹವನ್ನು ತಪ್ಪಾಗಿ ಓದಿ ನಗೆಗೀಡಾಯಿತು. 1996ರ ಪಾಮ್ ಪೈಲಟ್ ಯಂತ್ರದವರು ಜಾಣರು. ಬಳಸುವವನೇ ಗ್ರಾಫಿಟಿ ಎಂಬ ಸರಳ ಗೀರುಗಳನ್ನು ಕಲಿಯಲಿ ಎಂದರು. ಇಪ್ಪತ್ತಾರು ಅಕ್ಷರಗಳಿಗೆ ಈ ಉಪಾಯ ಸಾಕು. ಕಾಗುಣಿತ ಮತ್ತು ಒತ್ತುಗಳು ಕೂಡಿ ನೂರಾರು ರೂಪಗಳಾಗುವ ಕನ್ನಡಕ್ಕೆ ಸಾಲದು. ನಮ್ಮ ಸೀಮೆಯ ಹೆಸರುಗಳನ್ನೇ ನೋಡಬಹುದು. ಯೂನಿಕೋಡ್ ಸಂಕೇತದಲ್ಲಿ ಗಳಗನಾಥ ಎಂಬುದಕ್ಕೆ ಆರು ಸಂಕೇತಗಳು. ಕಣ್ಣಿಗೆ ಮೂರೇ ಅಕ್ಷರಗಳಾಗಿ ಕಾಣುವ ಬ್ಯಾಡಗಿಗೆ ಏಳು. ಐದಕ್ಷರದ ರಾಣೆಬೆನ್ನೂರಿಗೆ ಹನ್ನೆರಡು. ಹಳೆಯ ಮೊಬೈಲಿನ ಒಂದು ಕಿರುಸಂದೇಶದಲ್ಲಿ ಇಂಗ್ಲಿಷಿನ 160 ಅಕ್ಷರಗಳು ಹಿಡಿಸಿದರೆ ಕನ್ನಡದ ಸಂಕೇತಗಳು 70 ಮಾತ್ರ ಹಿಡಿಸುತ್ತಿದ್ದವು.

ಸಂಖ್ಯೆಗಿಂತ ಕ್ರಮವು ಹೆಚ್ಚು ಕಷ್ಟದ್ದು. ಕೈಯಿಂದ ಬರೆಯುವಾಗ ಬ್ಯಾಡಗಿಯ ಮೊದಲಕ್ಷರದಲ್ಲಿ ನಾವು ಮೊದಲು ಬಾ ಎಂದು ಬರೆದು, ಅನಂತರ ಕೆಳಗೆ ಯಕಾರದ ಒತ್ತನ್ನು ಎಳೆಯುತ್ತೇವೆ. ಯಂತ್ರವು ಬ, ಹಲಂತ, ಯ, ದೀರ್ಘ ಎಂಬ ಉಚ್ಚಾರಣೆಯ ಕ್ರಮವನ್ನೇ ಬೇಡುತ್ತದೆ. ಕೈಯ ರೂಢಿಯಂತೆ ಮೂಡಿಸಿದರೆ ಒತ್ತು ದಾರಿತಪ್ಪಿ, ಚುಕ್ಕೆಗಳ ವೃತ್ತವೊಂದು ತೆರೆಯ ಮೇಲೆ ಎದ್ದು ನಿಲ್ಲುತ್ತದೆ. ವಿದ್ಯಾರ್ಥಿಗಳು ಇದನ್ನು ಯಂತ್ರದ ಕೇಡೆಂದು ಭಾವಿಸುವುದುಂಟು. ಹಿಂದಕ್ಕೆ ಅಳಿಸಿ ನುಡಿಯುವ ಕ್ರಮದಲ್ಲಿ ಬರೆದರೆ ಅದು ಮಾಯವಾಗುತ್ತದೆ. ಅರ್ಕಾವೊತ್ತಿನದೂ ಇದೇ ಕಥೆ. ಸರ್ಕಾರ ಎಂಬಲ್ಲಿ ಕೈಯು ರೇಫವನ್ನು ಕೊನೆಗೆ ಬರೆಯುತ್ತದೆ, ಯಂತ್ರವು ಮೊದಲು ಕೇಳುತ್ತದೆ. ಕೆ. ಪಿ. ರಾವ್ ಅವರು ರೂಪಿಸಿದ ಕೀಲಿಮಣೆಯ ವಿನ್ಯಾಸವು ಒತ್ತಿಗೆಂದೇ ಒಂದು ಕೀಲಿಯನ್ನು ಮೀಸಲಿಟ್ಟು ಈ ಉಚ್ಚಾರಣಕ್ರಮವನ್ನು ಬೆರಳುಗಳಿಗೆ ಕಲಿಸಿತು. ಆದರೆ ಅದು ಮೇಜಿನ ಗಣಕಕ್ಕೆ, ಹತ್ತು ಬೆರಳುಗಳಿಗೆ ಹೊಂದಿದ್ದು. ಹೊಲದ ಬದುವಿನಲ್ಲಿ ನಿಂತು ಒಂದು ಕೈಯಲ್ಲಿ ಯಂತ್ರ, ಇನ್ನೊಂದರಲ್ಲಿ ಕಡ್ಡಿ ಹಿಡಿದವನಿಗೆ ಆ ಅನುಕೂಲವಿಲ್ಲ.

ಇನ್ನೊಂದು ತೊಂದರೆಯನ್ನು ಸಂಶೋಧನ ವಿದ್ಯಾರ್ಥಿಗಳಿಗಾಗಿ ಇಲ್ಲಿಯೇ ಹೇಳಿಬಿಡುವುದು ಯುಕ್ತ. ಹಳೆಯ ನುಡಿ ತಂತ್ರಾಂಶದಲ್ಲಿ ಬರೆದ ಪಠ್ಯವು ತನ್ನ ಅಕ್ಷರಮಾದರಿಗೆ ಕಟ್ಟುಬಿದ್ದದ್ದು. ಆ ಮಾದರಿಯಿಲ್ಲದ ಕೈಗಣಕಕ್ಕೆ ಅದನ್ನು ಒಯ್ದರೆ ಅರ್ಥವಿಲ್ಲದ ರೋಮನ್ ಅಕ್ಷರಗಳ ಸಾಲುಗಳು ಕಾಣಿಸುತ್ತವೆ. ಬರೆಹವು ನಷ್ಟವಾಗಿಲ್ಲ, ಮೊದಲು ಅದನ್ನು ಯೂನಿಕೋಡಿಗೆ ಪರಿವರ್ತಿಸಿ ಆಮೇಲೆ ಸಾಗಿಸಬೇಕು. ಮೂಲಪ್ರತಿಯನ್ನು ಮಾತ್ರ ಅಳಿಸಲಾಗದು, ಏಕೆಂದರೆ ಪರಿವರ್ತನೆಯಲ್ಲಿ ಒತ್ತುಗಳು ಆಗಾಗ ಕೆಡುತ್ತವೆ. ಶಾಸನದ ಪಾಠವನ್ನು ಹೀಗೆ ಸಾಗಿಸುವವರು ಅಕ್ಷರಾಕ್ಷರವಾಗಿ ಮರಳಿ ಓದುವುದು ಅವಶ್ಯ.

ಸಿಂಪ್ಯೂಟರಿನ ಪರಿಷ್ಕೃತ ರೂಪವಾದ ಅಮಿಡಾವನ್ನು ಪಿಕೋಪೆಟಾ ಸಂಸ್ಥೆಯು ಭಾರತ್ ಎಲೆಕ್ಟ್ರಾನಿಕ್ಸ್ ಕಾರ್ಖಾನೆಯ ಜೊತೆಗೂಡಿ 2004ರ ಏಪ್ರಿಲಿನಲ್ಲಿ ಮಾರುಕಟ್ಟೆಗೆ ತಂದಿತು. ಕೈಯನ್ನು ಓಲಾಡಿಸಿದರೆ ಪುಟ ತಿರುವುವ ಚಲನಸಂವೇದಿಯು ಅದರಲ್ಲಿತ್ತು; ಇಂಥ ಸೌಲಭ್ಯವು ದೊಡ್ಡ ಕಂಪನಿಗಳ ದೂರವಾಣಿಗಳಲ್ಲಿ ಸಾಮಾನ್ಯವಾದದ್ದು ಕೆಲವು ವರ್ಷಗಳ ಮೇಲೆ. ಬರೆಹದ ತೊಡಕಿಗೆ ಅಮಿಡಾ ಕಂಡುಕೊಂಡ ದಾರಿ ಮಾತ್ರ ನಮ್ಮ ದೃಷ್ಟಿಯಲ್ಲಿ ಬಹಳ ಅರ್ಥಪೂರ್ಣವಾದದ್ದು. ತೆರೆಯ ಮೇಲೆ ಸ್ವಂತ ಕೈಬರೆಹದಲ್ಲಿ ಯಾವ ಭಾಷೆಯಲ್ಲಾದರೂ ಗೀಚಿ, ಅದನ್ನೇ ಚಿತ್ರವಾಗಿ ಮಿಂಚಂಚೆಯಲ್ಲಿ ಕಳುಹಿಸಬಹುದಾಗಿತ್ತು. ಎಂದರೆ ಯಂತ್ರವು ಮರಳಿ ಕಡತವೇ ಆಯಿತು! ಕಪ್ಪು ಬಟ್ಟೆಯಂತೆ ತೆರೆ, ಬಳಪದಂತೆ ಕಡ್ಡಿ. ಕಾಗದ ಬರೆಯುವವನಿಗೆ ಇದು ಸಾಕು. ದಾಖಲೆಗೆ ಸಾಲದು, ಚಿತ್ರವಾದ ಹೆಸರನ್ನು ಯಂತ್ರವು ಹುಡುಕಲಾರದು, ವಿಂಗಡಿಸಲಾರದು, ಉತಾರದ ಅಂಕಣಕ್ಕೆ ಇಳಿಸಲಾರದು. ರಾಜ್ಯ ಸರಕಾರವು ಭೂದಾಖಲೆಯ ಕಾರ್ಯದಲ್ಲಿ ಸಿಂಪ್ಯೂಟರನ್ನು ಬಳಸಿದುದುಂಟು; ಆದರೆ ಅದು ತಲಾಠಿಯ ಬಗಲುಚೀಲದ ನಿತ್ಯದ ವಸ್ತುವಾಗಲಿಲ್ಲ. ಐವತ್ತು ಸಾವಿರ ಯಂತ್ರಗಳ ನಿರೀಕ್ಷೆಯಿದ್ದಲ್ಲಿ ಮಾರಾಟವಾದವು ಸುಮಾರು ನಾಲ್ಕು ಸಾವಿರ.

ಈ ಸೋಲಿಗೆ ಬೆಲೆಯೇ ಕಾರಣವೆಂದು ಬಹುಜನರು ಹೇಳುವರು. ಹತ್ತು ಸಾವಿರ ರೂಪಾಯಿಯ ಆಸುಪಾಸಿನ ಯಂತ್ರವು ಆಗ ಇಳಿಯುತ್ತಿದ್ದ ಮೊಬೈಲ್ ದರಗಳೆದುರು ನಿಲ್ಲಲಿಲ್ಲವೆಂಬುದು ನಿಜ. ಆದರೆ ಯಂತ್ರವು ಊರವರೆಲ್ಲರ ಸಾಮಾನ್ಯ ಸ್ವತ್ತೆಂದೇ ಕಲ್ಪಿತವಾಗಿದ್ದುದರಿಂದ ಬೆಲೆಯೊಂದೇ ಕಾರಣವಾಗಲಾರದು. ಅದು ಕೆಟ್ಟರೆ ಸರಿಪಡಿಸುವ ವಿದ್ಯೆಯು ಊರಿನಲ್ಲಿ ಬೇರೂರಲಿಲ್ಲ. ಅದರಲ್ಲಿ ಬರೆಯುವ ವಿದ್ಯೆಯೂ ಬೇರೂರಲಿಲ್ಲ. ಯಂತ್ರದ ರಚನೆಯನ್ನು ಮುಕ್ತ ಪರವಾನಗಿಯಲ್ಲಿ ಲೋಕಕ್ಕೆ ತೆರೆದಿಟ್ಟ ಉದಾರಿಗಳು ಅವರು. ಆ ರಚನೆಯನ್ನು ಓದಬಲ್ಲವರು ಮಾತ್ರ ಬೆಂಗಳೂರಿನಲ್ಲಿದ್ದರು, ರಾಣೆಬೆನ್ನೂರಿನ ಪೇಟೆಯಲ್ಲಿರಲಿಲ್ಲ. ಮೊಬೈಲ್ ಗೆದ್ದದ್ದು ಇಲ್ಲಿ. ತಾಲೂಕಿನ ಪ್ರತಿ ಬಸ್ ನಿಲ್ದಾಣದ ಎದುರು ಅದರ ರಿಪೇರಿಯ ಅಂಗಡಿ ಹುಟ್ಟಿಕೊಂಡಿತು.

2012ರಲ್ಲಿ ಬಂದ ಆಂಡ್ರಾಯ್ಡಿನ 4.1ನೆಯ ಆವೃತ್ತಿಯೊಡನೆ ಕನ್ನಡವು ಅಗ್ಗದ ದೂರವಾಣಿಗಳಲ್ಲಿಯೂ ನೆಲೆಯೂರತೊಡಗಿತು. 2020ರಲ್ಲಿ ರಾಜ್ಯ ಸರಕಾರವು ಬೆಳೆ ಸಮೀಕ್ಷೆಯ ತಂತ್ರಾಂಶವನ್ನು ರೈತರ ಕೈಗೇ ಕೊಟ್ಟಿತು. ರೈತನು ತನ್ನ ಹೊಲದಲ್ಲಿ ನಿಂತು, ಸರ್ವೆ ನಂಬರನ್ನು ಆರಿಸಿ, ಬೆಳೆಯ ಛಾಯಾಚಿತ್ರವನ್ನು ತೆಗೆದು ಕಳುಹಿಸಬಹುದಾಯಿತು. ಉತಾರದ ಬೆಳೆಯ ಅಂಕಣವು ಕಚೇರಿಯಿಂದ ಬದುವಿಗೆ ಮರಳಿತು. ಆದರೆ ಬೆಳೆಯ ಹೆಸರನ್ನು ಅವನು ಬರೆಯುವುದಿಲ್ಲ, ಸಿದ್ಧವಾದ ಪಟ್ಟಿಯಿಂದ ಆರಿಸುತ್ತಾನೆ. ಬ್ಯಾಡಗಿ ಎಂಬ ಹೆಸರಿನ ಏಳು ಸಂಕೇತಗಳ ಗೊಡವೆ ಅವನಿಗಿಲ್ಲ. ಫೋನು ಇಲ್ಲದವರ, ಬಳಸಲಾರದವರ ಹೊಲಗಳಿಗೆ ಖಾಸಗಿ ನಿವಾಸಿಗಳೆಂಬ ಹೆಸರಿನಲ್ಲಿ ಊರಿನ ಯುವಕರನ್ನು ನೇಮಿಸಲಾಗುತ್ತದೆ. ಆ ಹೊಲಗಳ ಬೆಳೆಯನ್ನು ಅವರೇ ದಾಖಲಿಸುತ್ತಾರೆ.