ಮಂಜರಾಬಾದಿನ ಕಂಬಳಿಯೂ ಯೋಧನ ಸನ್ಮಾನವೂ

ಸಕಲೇಶಪುರದ ಸೀಮೆಯು ಮಂಜರಾಬಾದೆಂದು ಕರೆಯಿಸಿಕೊಳ್ಳುತ್ತಿದ್ದ ಕಾಲದಲ್ಲಿ ಅಲ್ಲಿಯ ಗೌಡರ ಉಡುಪು ಹೇಗಿತ್ತೆಂಬುದನ್ನು ಬಿ. ಎಲ್. ರೈಸ್ ಮಹಾಶಯರು ತಮ್ಮ ಮೈಸೂರು ಗೆಜೆಟಿಯರಿನಲ್ಲಿ ಸಾವಧಾನವಾಗಿ ವರ್ಣಿಸಿದ್ದಾರೆ: ಬಲತೋಳಿಗೆ ಅಡ್ಡಿಯಾಗದಂತೆ ಎಡಭುಜದ ಮೇಲೆ ಬಿಗಿದ ಕರಿಯ ಕಂಬಳಿ, ನಡುವಿಗೆ ಬಿಳಿಯ ಗೀರಿನ ಕಡುನೀಲಿ ವಸ್ತ್ರ, ಬೆನ್ನ ಕಡೆಗೆ ಸಿಕ್ಕಿಸಿದ ದೊಡ್ಡ ಕತ್ತಿ. 1792ರಲ್ಲಿ ಟಿಪ್ಪು ಸುಲ್ತಾನನ ನಕ್ಷತ್ರಾಕಾರದ ಕೋಟೆಯನ್ನೂ, 1802ರಲ್ಲಿ ಬಲಂ ಸೀಮೆಯ ವೆಂಕಟಾದ್ರಿ ನಾಯಕನು ಕಂಪನಿಯವರ ಗಲ್ಲಿಗೇರಿದುದನ್ನೂ ಕಂಡ ಈ ಬೆಟ್ಟಗಳಲ್ಲಿ, ಕಂಬಳಿಯನ್ನೂ ಕತ್ತಿಯನ್ನೂ ಒಂದೇ ಮೈಯಲ್ಲಿ ಧರಿಸಿದವನನ್ನು ಉಳುವವನೆನ್ನಬೇಕೋ ಕಾದುವವನೆನ್ನಬೇಕೋ!

ಕಾದಿದವನಿಗೆ ಕನ್ನಡನಾಡು ಏನನ್ನು ಕೊಡುತ್ತಿತ್ತೆಂಬುದಕ್ಕೆ ಶಾಸನಗಳೇ ಸಾಕ್ಷಿ. ಮಡಿದವನಿಗೆ ವೀರಗಲ್ಲು, ಅವನ ಮನೆಯವರಿಗೆ ನೆತ್ತರುಗೊಡಗೆಯ ಭೂಮಿ. ಬದುಕಿ ಬಂದವನಿಗೆ ಅರಸನ ಮೆಚ್ಚುಗೆ. ತಕ್ಕೋಲದ ಯುದ್ಧದಲ್ಲಿ ಪರಾಕ್ರಮ ಮೆರೆದ ಮಣಲೇರನಿಗೆ ಗಂಗರ ಇಮ್ಮಡಿ ಬೂತುಗನು ಬೇಕಾದುದನ್ನು ಬೇಡೆನ್ನಲು, ಆತನು ಕಾಳಿಯೆಂಬ ಬೇಟೆನಾಯಿಯನ್ನು ಬೇಡಿ ಪಡೆದನೆಂದೂ, ಆ ನಾಯಿ ಕಾಡುಹಂದಿಯೊಡನೆ ಹೋರಾಡಿ ಅದರೊಂದಿಗೇ ಸಾಯಲು ಅದಕ್ಕೂ ಕಲ್ಲು ನೆಡಲ್ಪಟ್ಟಿತೆಂದೂ ಸುಮಾರು 950ರ ಆತಕೂರು ಶಾಸನವು ತಿಳಿಸುತ್ತದೆ. ಔದಾರ್ಯವೇನೋ ದೊಡ್ಡದು, ಆದರೆ ಅದು ಅರಸನ ಔದಾರ್ಯ. ಊರಿನ ಹೆಂಗಸರ ಕೈಕೆಲಸ ಅಲ್ಲಿ ಎಲ್ಲಿಯೂ ಕಾಣುವುದಿಲ್ಲ.

ಆ ಕೈಗಳು ಮುಂದಾದುದು ಬಹುಕಾಲದ ಮೇಲೆ. 1962ರಲ್ಲಿ ನಮ್ಮ ಜವಾನರು ಹತ್ತಿಯ ಸಮವಸ್ತ್ರದಲ್ಲಿಯೇ ಹಿಮಾಲಯದ ಚಳಿಗೆ ಮೈಯೊಡ್ಡಿ ಚೀನೀ ಸೈನ್ಯವನ್ನು ಎದುರಿಸಬೇಕಾಗಿ ಬಂದಾಗ, ದೇಶದ ನಾನಾ ಕಡೆ ಗೃಹಿಣಿಯರು ಅವರಿಗಾಗಿ ಉಣ್ಣೆಯ ಸ್ವೆಟರುಗಳನ್ನು ಹೆಣೆದು ಕಳುಹಿಸಿದರು. ಅಮೆರಿಕದಲ್ಲಿ, ಮಗನನ್ನು ಇರಾಕಿನ ಯುದ್ಧಕ್ಕೆ ಕಳುಹಿಸಿದ್ದ ಕ್ಯಾಥರೀನ್ ರಾಬರ್ಟ್ಸ್ ಎಂಬ ತಾಯಿ 2003ರಲ್ಲಿ ಆರಂಭಿಸಿದ ‘ಕ್ವಿಲ್ಟ್ಸ್ ಆಫ್ ವ್ಯಾಲರ್’ ಎಂಬ ಸೇವಾಕಾರ್ಯದ ಸ್ವಯಂಸೇವಕರು ಈವರೆಗೆ 3 ಲಕ್ಷಕ್ಕೂ ಮಿಕ್ಕಿದ ಹೊದಿಕೆಗಳನ್ನು ಹೊಲಿದು, ಯೋಧರ ಹೆಗಲಿಗೆ ತಾವೇ ಹೊದಿಸಿದ್ದಾರೆ. ಶಾಲು ಹೊದಿಸಿ ಸನ್ಮಾನಿಸುವ ನಮಗೆ ಈ ಪದ್ಧತಿ ಅಪರಿಚಿತವೆನಿಸದು. ಆದರೆ ನಮ್ಮ ಶಾಲು ಅಂಗಡಿಯದು, ಸಭೆ ಮುಗಿದೊಡನೆ ಮಡಿಕೆಯಾಗಿ ಪೆಟ್ಟಿಗೆ ಸೇರುವಂಥದು.

ಹೊಲಿಯುವ ವಿದ್ಯೆಗೇನೂ ನಮ್ಮಲ್ಲಿ ಕೊರತೆಯಿಲ್ಲ. ಹಳಿಯಾಳ, ಯಲ್ಲಾಪುರಗಳ ಸಿದ್ದಿ ಹೆಂಗಸರು ಹಳೆಯ ಸೀರೆಗಳ ತುಂಡುಗಳನ್ನು ಪದರಪದರವಾಗಿ ಹಚ್ಚಿ, ಸಾಲುಹೊಲಿಗೆ ಹಾಕುತ್ತ ಅಂಚಿನಿಂದ ನಡುವಿನ ಕಡೆಗೆ ಸಾಗಿ ಕೌದಿಯನ್ನು ಮುಗಿಸುವರು. ಮೂಲೆಗಳಿಗೆ ‘ಫುಲಾ’ ಎಂಬ ತ್ರಿಕೋನದ ಚೂರುಗಳನ್ನು ಹಚ್ಚದಿದ್ದರೆ ಕೌದಿ ಬತ್ತಲೆಯೆಂದೇ ಅವರ ಎಣಿಕೆ. ಹಾಗಾದರೆ ಸಕಲೇಶಪುರ, ಆಲೂರುಗಳ ನಿವೃತ್ತ ಸೈನಿಕರಿಗೂ ಕೌದಿಯನ್ನೇ ಹೊಲಿಯಬಾರದೇಕೆಂದು ಕೇಳಿದರೆ ನನಗೆ ಅಳುಕುಂಟು. ಆಷಾಢದ ಜಡಿಮಳೆಯಲ್ಲಿ ಒಮ್ಮೆ ತೊಯ್ದ ಕೌದಿ ವಾರವಾದರೂ ಆರದು, ಮುಗ್ಗಲು ಹಿಡಿಯದೆಯೂ ಬಿಡದು. ಕುರುಬರು ನೇಯ್ದ ಕಂಬಳಿಯಾದರೋ ಹನಿಯನ್ನು ಸುಲಭವಾಗಿ ಒಳಕ್ಕೆ ಬಿಡದು, ನೆನೆದರೂ ಬೆಚ್ಚಗಿರುವುದು. ಈ ಸೀಮೆಯ ಮಟ್ಟಿಗೆ ನನ್ನ ಮತ ಕಂಬಳಿಗೆ. ಸೂಜಿ ಹಿಡಿದ ತಾಯಂದಿರು ಬೇಕಾದರೆ ಅದರ ಮೂಲೆಗಳಿಗೆ ತಮ್ಮ ಹಳೆಯ ಸೀರೆಯ ಚೂರುಗಳನ್ನು ಹಚ್ಚಲಿ.