ನಾರ್ಸಿಸಿಸಂ: ಅಹಂಕಾರವೇ, ಕಾಯಿಲೆಯೇ?

ಸೊಕ್ಕಿನ ಮೇಲಧಿಕಾರಿ, ಹೆಂಡತಿಯ ಮಾತಿಗೆ ಬೆಲೆ ಕೊಡದ ಗಂಡ, ದಿನವಿಡೀ ಸೆಲ್ಫಿ ತೆಗೆದುಕೊಳ್ಳುವ ತರುಣ- ಎಲ್ಲರಿಗೂ ಇಂದು 'ನಾರ್ಸಿಸಿಸ್ಟ್' ಎಂಬ ಒಂದೇ ಹಣೆಪಟ್ಟಿ ಹಚ್ಚಲಾಗುತ್ತಿದೆ. ಮೊಬೈಲ್ ಮೂಲಕ ಮನೆಮನೆಗೆ ತಲುಪಿರುವ ಈ ಪದವು ಮನಶ್ಶಾಸ್ತ್ರಕ್ಕೆ ಸೇರಿದ್ದು. ಸ್ವಭಾವವನ್ನು ಕಾಯಿಲೆಯೆಂದೂ ಕಾಯಿಲೆಯನ್ನು ಬರಿಯ ಸೊಕ್ಕೆಂದೂ ತಿಳಿದರೆ ಎರಡೂ ಕಡೆ ಹಾನಿಯೇ.

ಪದದ ಮೂಲ

ಗ್ರೀಕ್ ಪುರಾಣದ ನಾರ್ಸಿಸಸ್ ಎಂಬ ಚೆಲುವ, ನೀರಿನಲ್ಲಿ ಕಂಡ ತನ್ನ ಪ್ರತಿಬಿಂಬಕ್ಕೇ ಮರುಳಾಗಿ ಅಲ್ಲಿಯೇ ಕೊರಗಿ ಪ್ರಾಣ ಬಿಟ್ಟನು. 19ನೇ ಶತಮಾನದ ಕೊನೆಯಲ್ಲಿ ಹ್ಯಾವ್‌ಲಾಕ್ ಎಲ್ಲಿಸ್ ಮತ್ತು ಪಾಲ್ ನೆಕೆ ಈ ಹೆಸರನ್ನು ಮನಶ್ಶಾಸ್ತ್ರಕ್ಕೆ ತಂದರು. 1914ರಲ್ಲಿ ಸಿಗ್ಮಂಡ್ ಫ್ರಾಯ್ಡ್ ಇದರ ಮೇಲೆ ಪ್ರಬಂಧ ಪ್ರಕಟಿಸಿದರು. 1980ರಲ್ಲಿ ಅಮೆರಿಕದ ಮನೋವೈದ್ಯರ ಸಂಘದ ಕೈಪಿಡಿಯು ಇದನ್ನು ವ್ಯಕ್ತಿತ್ವ ದೋಷಗಳ ಪಟ್ಟಿಗೆ ಸೇರಿಸಿತು.

ನಮ್ಮ ನುಡಿಗಳಲ್ಲಿ

ದಾಂಡೇಲಿ, ಹಳಿಯಾಳ, ಜೋಯಿಡಾ, ಮುಂಡಗೋಡ ತಾಲ್ಲೂಕುಗಳ ಜನರಿಗೆ ಈ ಸ್ವಭಾವ ಅಪರಿಚಿತವಲ್ಲ. ಕನ್ನಡದ 'ಅಹಂಕಾರ', ಮರಾಠಿಯ 'ಮೀಪಣಾ', ಕೊಂಕಣಿಯ 'ಹಾಂವ್‌ಪಣ', ಮುಂಡಗೋಡ ವಸಾಹತಿನ ಟಿಬೆಟನ್ನರ 'ಙಗ್ಯಲ್'- ಈ ನಾಲ್ಕೂ 'ನಾನು' ಎಂಬರ್ಥದ ಪದದಿಂದಲೇ ಹುಟ್ಟಿವೆ. ಶರಣ ಪರಂಪರೆಯು ಕುಲ, ಧನ, ರೂಪ, ವಿದ್ಯೆ ಮೊದಲಾದ ಅಷ್ಟಮದಗಳನ್ನು ಗುರುತಿಸಿದೆ. ಆದರೆ ಇವು ತಿದ್ದಿಕೊಳ್ಳಬೇಕಾದ ದೋಷಗಳ ಹೆಸರುಗಳೇ ಹೊರತು ರೋಗದ ಹೆಸರುಗಳಲ್ಲ.

ನಾರ್ಸಿಸಿಸಂಗೆ ಕನ್ನಡದಲ್ಲಿ 'ಆತ್ಮರತಿ' ಎಂಬ ಪದ ಬಳಕೆಯಲ್ಲಿದೆ. ಆದರೆ ಭಗವದ್ಗೀತೆಯ 3ನೇ ಅಧ್ಯಾಯದಲ್ಲಿ ಆತ್ಮರತಿ ಎಂದರೆ ಆತ್ಮದಲ್ಲಿಯೇ ಆನಂದ ಕಾಣುವ ಜ್ಞಾನಿಯ ಸ್ಥಿತಿ. ಅದು ಪ್ರಶಂಸೆಯ ಮಾತು. ಗೊಂದಲ ತಪ್ಪಿಸಲು 'ಸ್ವಮೋಹ' ಎಂಬ ಪದವೇ ಲೇಸು.

ಕಾಯಿಲೆ ಯಾವಾಗ?

ಅಮೆರಿಕದ ಕೈಪಿಡಿಯು 9 ಲಕ್ಷಣಗಳನ್ನು ಹೇಳುತ್ತದೆ. ತಾನೇ ಶ್ರೇಷ್ಠನೆಂಬ ಭಾವನೆ, ಹೊಗಳಿಕೆಯ ಅತಿಯಾದ ಹಂಬಲ, ಇತರರನ್ನು ಸ್ವಾರ್ಥಕ್ಕೆ ಬಳಸಿಕೊಳ್ಳುವುದು, ಪರರ ನೋವು ಅರಿಯದಿರುವುದು, ಅಸೂಯೆ ಇವುಗಳಲ್ಲಿ ಸೇರಿವೆ. ಕನಿಷ್ಠ 5 ಲಕ್ಷಣಗಳು ಯೌವನದ ಆರಂಭದಿಂದಲೇ ಬದುಕಿನ ಹಲವು ಸಂದರ್ಭಗಳಲ್ಲಿ ಕಾಣಿಸಿಕೊಳ್ಳಬೇಕು. ಇದನ್ನು ನಿರ್ಧರಿಸಬೇಕಾದವರು ಮನೋವೈದ್ಯರು ಅಥವಾ ಚಿಕಿತ್ಸಾ ಮನಶ್ಶಾಸ್ತ್ರಜ್ಞರೇ ವಿನಾ ನೆರೆಹೊರೆಯವರಲ್ಲ. 2022ರಲ್ಲಿ ಜಾರಿಗೆ ಬಂದ ವಿಶ್ವ ಆರೋಗ್ಯ ಸಂಸ್ಥೆಯ ರೋಗಪಟ್ಟಿಯಲ್ಲಿ ಇದಕ್ಕೆ ಪ್ರತ್ಯೇಕ ಹೆಸರಿಲ್ಲ. ಅಲ್ಲಿ ವ್ಯಕ್ತಿತ್ವ ದೋಷವನ್ನು ಮುಖ್ಯವಾಗಿ ತೀವ್ರತೆಯ ಮೇಲೆ ಅಳೆಯಲಾಗುತ್ತದೆ. ಚಿಕಿತ್ಸೆ ಮುಖ್ಯವಾಗಿ ದೀರ್ಘಕಾಲದ ಮಾತಿನ ಚಿಕಿತ್ಸೆ.

ಕೇಳಿಬರುವ ಪದಗಳು

ಬಹಿರಂಗ ಸ್ವಮೋಹ: ತನ್ನ ಹಿರಿಮೆಯನ್ನು ಎದ್ದು ಕಾಣುವಂತೆ ಮೆರೆಸುವ ಬಗೆ.

ಗುಪ್ತ ಸ್ವಮೋಹ: ಹೊರಗೆ ಸಂಕೋಚ, ಒಳಗೆ ತನಗೆ ತಕ್ಕ ಮನ್ನಣೆ ಸಿಗಲಿಲ್ಲವೆಂಬ ಕೊರಗು. ಸಣ್ಣ ಟೀಕೆಗೂ ಬಹಳ ನೋಯುವ ಬಗೆ.

ಗ್ಯಾಸ್‌ಲೈಟಿಂಗ್: ಎದುರಿನವರು ತಮ್ಮ ನೆನಪು, ಬುದ್ಧಿಯನ್ನೇ ಶಂಕಿಸುವಂತೆ ಮಾಡುವುದು. ಪ್ಯಾಟ್ರಿಕ್ ಹ್ಯಾಮಿಲ್ಟನ್ ಅವರ 1938ರ ನಾಟಕದಿಂದ ಬಂದ ಪದ. ಅದರಲ್ಲಿ ಗಂಡನು ಹೆಂಡತಿಗೆ ಹುಚ್ಚು ಹಿಡಿದಿದೆ ಎಂದು ಆಕೆಯನ್ನೇ ನಂಬಿಸಲು ಯತ್ನಿಸುತ್ತಾನೆ.

ಲವ್ ಬಾಂಬಿಂಗ್: ಆರಂಭದಲ್ಲಿ ಅತಿಯಾದ ಪ್ರೀತಿ, ಉಡುಗೊರೆಗಳ ಮಳೆಗರೆದು ಹಿಡಿತ ಸಾಧಿಸುವುದು.

ಕೊನೆಯ ಎರಡು ವರ್ತನೆಯ ಹೆಸರುಗಳು ಮಾತ್ರ. ಹಾಗೆ ವರ್ತಿಸಿದವರೆಲ್ಲ ರೋಗಿಗಳೆಂದು ಅರ್ಥವಲ್ಲ.

ನೊಂದವರಿಗೆ ದಾರಿ

ಮನೆಯಲ್ಲಿ ಹಿಂಸೆ ಅನುಭವಿಸುವ ಮಹಿಳೆಯು ನೆರವು ಪಡೆಯಲು ಗಂಡನಿಗೆ ಯಾವ ಕಾಯಿಲೆಯಿದೆ ಎಂದು ಸಾಬೀತುಪಡಿಸಬೇಕಿಲ್ಲ. 2005ರ ಕೌಟುಂಬಿಕ ಹಿಂಸೆಯಿಂದ ಮಹಿಳೆಯರ ಸಂರಕ್ಷಣಾ ಕಾಯ್ದೆಯು ಮಾತಿನ ಹಾಗೂ ಭಾವನಾತ್ಮಕ ಹಿಂಸೆಯನ್ನೂ ಒಳಗೊಂಡಿದೆ. ಮಹಿಳಾ ಸಹಾಯವಾಣಿ 181. 2022ರಲ್ಲಿ ಆರಂಭವಾದ ಟೆಲಿ-ಮಾನಸ್‌ನ 14416 ಸಂಖ್ಯೆಗೆ ಕರೆ ಮಾಡಿದರೆ ಕನ್ನಡದಲ್ಲಿಯೇ ಉಚಿತ ಸಲಹೆ ದೊರೆಯುತ್ತದೆ. ತಜ್ಞರ ತಪಾಸಣೆಗೆ ನೆರೆಯ ಧಾರವಾಡದಲ್ಲಿ ಸರ್ಕಾರಿ ಸಂಸ್ಥೆಯಾದ ಡಿಮ್ಹಾನ್ಸ್ ಇದೆ.