ಪೆಟ್ಟಿಗೆಯ ಮೇಲಿನ ಕಾರು

ಶಿರಸಿ ಮಾರಿಕಾಂಬೆಯ ಜಾತ್ರೆ ಎರಡು ವರ್ಷಕ್ಕೊಮ್ಮೆ. ಉಮ್ಮಚಗಿ, ಮಂಚಿಕೇರಿ ಕಡೆಯ ಮಕ್ಕಳಿಗೆ ಅಂಗಡಿಯ ಆಟಿಕೆ ಕೈಗೆ ಸಿಗುತ್ತಿದ್ದದ್ದು ಬಹುಮಟ್ಟಿಗೆ ಅಲ್ಲಿಯೇ. ಉಳಿದ ದಿನಗಳಲ್ಲಿ ಅಡಿಕೆ ಹಾಳೆಯೇ ಕಾರು: ಒಬ್ಬ ಕೂರುವುದು, ಇನ್ನೊಬ್ಬ ತುದಿ ಹಿಡಿದು ಅಂಗಳದ ತುಂಬ ಎಳೆಯುವುದು. ಜಾತ್ರೆಯ ಅಂಗಡಿಯವರು ತಗಡಿನ ಬಸ್ಸು, ಪ್ಲಾಸ್ಟಿಕ್ ಕಾರುಗಳನ್ನು ಬರಿಮೈಯಲ್ಲೇ ಹಲಗೆಯ ಮೇಲೆ ಸಾಲಾಗಿ ಇಡುತ್ತಿದ್ದರು. ಎತ್ತಿಕೊಂಡು, ಚಕ್ರ ತಿರುಗಿಸಿ ನೋಡಿ, ಚೌಕಾಸಿ ಮಾಡಿ, ಕೊನೆಗೆ ಹಳೆ ಪೇಪರಿನಲ್ಲಿ ಸುತ್ತಿಸಿಕೊಂಡು ಬರುವುದು. ಕೊಳ್ಳುವವರಿಗೂ ವಸ್ತುವಿಗೂ ನಡುವೆ ಒಂದು ಚಿತ್ರ ಬಂದು ನಿಂತಿರಲಿಲ್ಲ.

ಆ ಚಿತ್ರ ಬಂದ ಮೇಲೆ ಆಟಿಕೆಯ ವ್ಯಾಪಾರವೂ ಹವ್ಯಾಸದ ಅರ್ಥವೂ ಹೇಗೆ ಬದಲಾದವು ಎಂಬುದಕ್ಕೆ ಮಾದರಿ ಕಾರುಗಳ ಪೆಟ್ಟಿಗೆಗಿಂತ ಒಳ್ಳೆಯ ಸಾಕ್ಷಿ ಇಲ್ಲ. ಅದರಲ್ಲೂ ಮಾರುಕಟ್ಟೆಗೆ ಬಾರದೇ ಹೋದ ಆಟಿಕೆಗಳ ಪೆಟ್ಟಿಗೆಗಳನ್ನು ನೋಡಬೇಕು. ಒಳಗೆ ವಸ್ತುವೇ ಇಲ್ಲದ್ದರಿಂದ ಮಾರುವವರ ಮನಸ್ಸು ಅಲ್ಲಿ ಮರೆಯಿಲ್ಲದೆ ಕಾಣುತ್ತದೆ.

ಕಥೆ ಶುರುವಾಗುವುದೇ ಒಂದು ಪೆಟ್ಟಿಗೆಯಿಂದ. ಲಂಡನ್ನಿನಲ್ಲಿ 1947ರಲ್ಲಿ ಹುಟ್ಟಿದ ಲೆಸ್ನಿ ಕಂಪನಿಯಲ್ಲಿ ಪಾಲುದಾರರಾಗಿದ್ದ ಜ್ಯಾಕ್ ಒಡೆಲ್ ಅವರ ಮಗಳ ಶಾಲೆಯಲ್ಲಿ ಒಂದು ನಿಯಮವಿತ್ತು: ಬೆಂಕಿಪೊಟ್ಟಣದೊಳಗೆ ಹಿಡಿಸುವ ಆಟಿಕೆಯನ್ನು ಮಾತ್ರ ತರಬಹುದು. ಒಡೆಲ್ ಅಷ್ಟು ಸಣ್ಣದೊಂದು ರೋಡ್‌ರೋಲರ್ ಮಾಡಿಕೊಟ್ಟರು. 1953ರಲ್ಲಿ ಹೊರಬಂದ 'ಮ್ಯಾಚ್‌ಬಾಕ್ಸ್' ಸಾಲಿನ ಹುಟ್ಟು ಅದು. ಪೊಟ್ಟಣದ ಅಳತೆಯೇ ಆಟಿಕೆಯ ಅಳತೆಯಾಯಿತು, ಪೊಟ್ಟಣದ ಹೆಸರೇ ಬ್ರಾಂಡಿನ ಹೆಸರಾಗಿ ಉಳಿಯಿತು. ಮೇಲಿನ ಚಿತ್ರವಾದರೂ ಒಳಗಿನ ಗಾಡಿಯ ಸರಳ ರೇಖಾಚಿತ್ರ, ಅಷ್ಟೇ. ಕಂಡದ್ದೇ ಸಿಗುತ್ತಿತ್ತು.

ಜೋಡಿಸುವ ಕಿಟ್‌ಗೆ ಈ ಸರಳತೆ ಸಾಲದು. ಕಿಟ್ಟಿನ ಪೆಟ್ಟಿಗೆ ತೆರೆದರೆ ಕಾಣುವುದು ಪ್ಲಾಸ್ಟಿಕ್ ಕಡ್ಡಿಗಳ ಚೌಕಟ್ಟಿಗೆ ಅಂಟಿಕೊಂಡ ಬೂದು ತುಂಡುಗಳು: ಅರ್ಧ ಚಕ್ರ, ಸೀಟಿನ ಬೆನ್ನು, ಉಗುರಿಗಿಂತ ಚಿಕ್ಕ ಕನ್ನಡಿ. ಅವನ್ನು ನೋಡಿ ಯಾವ ಮಗುವಿಗೂ ಆಸೆ ಹುಟ್ಟದು. ಆಸೆ ಹುಟ್ಟಿಸುವ ಕೆಲಸವನ್ನೆಲ್ಲ ಮುಚ್ಚಳದ ಚಿತ್ರವೇ ಮಾಡಬೇಕು. ಬ್ರಿಟನ್ನಿನ ಏರ್‌ಫಿಕ್ಸ್ ಕಂಪನಿಗೆ ಇದು ತಿಳಿದದ್ದು ನಿಧಾನವಾಗಿ. 1949ರಲ್ಲಿ ಅದು ಮಾಡಿದ ಮೊದಲ ಮಾದರಿ ಫರ್ಗ್ಯೂಸನ್ ಟ್ರ್ಯಾಕ್ಟರ್. ಟ್ರ್ಯಾಕ್ಟರ್ ಮಾರುವವರು ಗಿರಾಕಿಗೆ ತೋರಿಸಲೆಂದು ಮಾಡಿಸಿಕೊಂಡದ್ದು. ಅಂದರೆ ಆ ಮಾದರಿಯೇ ಒಂದು ಜಾಹೀರಾತು. ಮುಂದೆ 'ಗೋಲ್ಡನ್ ಹೈಂಡ್' ಹಡಗಿನ ಕಿಟ್ ವುಲ್‌ವರ್ತ್ ಅಂಗಡಿಗಳಿಗೆ ಹೋದಾಗ ಅದಕ್ಕೆ ಪೆಟ್ಟಿಗೆಯೂ ಇರಲಿಲ್ಲ. ಪ್ಲಾಸ್ಟಿಕ್ ಚೀಲ, ಮೇಲೊಂದು ಮಡಚಿದ ಕಾಗದ.

ಅಮೆರಿಕದಲ್ಲೂ ದಾರಿ ಇದೇ. 1948ರಲ್ಲಿ ಶುರುವಾದ ಎಎಂಟಿ ಕಂಪನಿ ಮೊದಲು ಮಾಡಿದ್ದು ಕಾರು ಶೋರೂಮಿನವರು ಗಿರಾಕಿಗಳ ಮಕ್ಕಳ ಕೈಗಿಡುವ ಪುಟ್ಟ ಕಾರುಗಳನ್ನು. 1958ರಲ್ಲಿ ಅದೇ ಅಚ್ಚುಗಳಿಂದ 'ಮೂರು ಕಾರು ಒಂದರಲ್ಲಿ' ಎಂಬ ಕಿಟ್‌ಗಳು ಬಂದವು. ಕಂಪನಿ ಮಾಡಿದಂತೆಯೇ ಜೋಡಿಸಬಹುದು, ರೇಸ್ ಕಾರು ಮಾಡಬಹುದು, ಇಲ್ಲವೇ ಮನಸ್ಸಿಗೆ ಬಂದ ಹಾಗೆ ಬದಲಾಯಿಸಿಕೊಳ್ಳಬಹುದು. ಈ ಮೂರನೆಯ ದಾರಿ ನನ್ನ ಲೆಕ್ಕದಲ್ಲಿ ಹವ್ಯಾಸ ಮಾರಾಟದ ಚರಿತ್ರೆಯ ಅತಿ ಉದಾರ ಮಾತು. ಕೊಳ್ಳುವ ಹುಡುಗನಿಗೂ ಒಂದು ತಲೆಯಿದೆ, ಒಂದು ಕೈಯಿದೆ ಎಂದು ಒಪ್ಪಿಕೊಂಡ ಪೆಟ್ಟಿಗೆ ಅದು.

ಮುಚ್ಚಳದ ಚಿತ್ರವನ್ನು ಕಲೆಯ ಮಟ್ಟಕ್ಕೆ ಏರಿಸಿದವರು ರಾಯ್ ಕ್ರಾಸ್. 1964ರಿಂದ ಏರ್‌ಫಿಕ್ಸ್‌ಗೆ ಚಿತ್ರ ಬರೆದ ಅವರು ನೂರು ತುಂಬಿ 2024ರಲ್ಲಿ ತೀರಿಕೊಂಡರು. ಅವರ ವಿಮಾನಗಳು ಸುಮ್ಮನೆ ಹಾರುವುದಿಲ್ಲ. ಎಂಜಿನ್ನಿಗೆ ಬೆಂಕಿ ಹೊತ್ತಿರುತ್ತದೆ, ಕೆಳಗೆ ಸಮುದ್ರ ಕುದಿಯುತ್ತಿರುತ್ತದೆ. ಹುಡುಗರು ಕೊಂಡದ್ದು ಆ ಬೆಂಕಿಯನ್ನು. ಮುಂದಿನ ವರ್ಷಗಳಲ್ಲಿ ಮಕ್ಕಳ ಆಟಿಕೆಯ ಮೇಲೆ ಹಿಂಸೆ ಬೇಡ ಎಂಬ ಮಾತು ಬಲವಾದಾಗ, ಅವೇ ಚಿತ್ರಗಳ ಮರುಮುದ್ರಣದಲ್ಲಿ ಬಾಂಬು, ಹೊಗೆ, ಉರಿ ಅಳಿಸಿಹೋದವು. ಒಳಗಿನ ಬಾಂಬರ್ ವಿಮಾನ ಮಾತ್ರ ಹಾಗೆಯೇ ಇತ್ತು.

ಕಾರಿನ ಪೆಟ್ಟಿಗೆಯಲ್ಲಿ ಅಳಿಸಿದ್ದು ಸಿಗರೇಟಿನ ಹೆಸರು. ಎಪ್ಪತ್ತು–ಎಂಬತ್ತರ ದಶಕದ ಫಾರ್ಮುಲಾ ಒನ್ ಕಾರುಗಳು ಓಡುವ ತಂಬಾಕು ಜಾಹೀರಾತುಗಳೇ ಆಗಿದ್ದವು, ಅವುಗಳ ಕಿಟ್‌ಗಳೂ ಹಾಗೆಯೇ ಇದ್ದವು. ತಂಬಾಕು ಪ್ರಚಾರದ ಮೇಲೆ ಕಟ್ಟುಪಾಡು ಬಿಗಿಯಾದಂತೆ ಕಿಟ್ಟಿನ ಅಂಟುಚೀಟಿಗಳಿಂದ ಮಾರ್ಲ್‌ಬರೊ ಹೆಸರು ಹೋಗಿ, ಅದರ ಕೆಂಪು–ಬಿಳಿ ಬಣ್ಣ ಮಾತ್ರ ಉಳಿಯಿತು. ನಿಜವಾದ ಕಾರಿನಂತೆಯೇ ಬೇಕೆನ್ನುವ ಹವ್ಯಾಸಿಗಳು ಆ ಅಕ್ಷರಗಳನ್ನು ಬೇರೆ ಕಡೆಯಿಂದ ಕೊಂಡು ಅಂಟಿಸಿಕೊಳ್ಳುತ್ತಾರೆ. ಅವರ ನಿಷ್ಠೆ ನನಗೆ ಅರ್ಥವಾಗುತ್ತದೆ. ಹತ್ತು ವರ್ಷದ ಮಗುವಿನ ಪೆಟ್ಟಿಗೆಯಲ್ಲಿ ಅವು ಇಲ್ಲದಿರುವುದೇ ಸರಿ ಎಂದೂ ಅನ್ನಿಸುತ್ತದೆ. 2015ರಲ್ಲಿ ಇಂಥದೇ ಇನ್ನೊಂದು ತಿರುವು: ಅಮೆರಿಕದ ಟಿವಿ ಧಾರಾವಾಹಿಯೊಂದರ 'ಜನರಲ್ ಲೀ' ಕಾರಿನ ಮಾದರಿಗಳ ಚಾವಣಿಯ ಮೇಲೆ ಗುಲಾಮಗಿರಿಯನ್ನು ಸಮರ್ಥಿಸಿದ ರಾಜ್ಯಗಳ ಬಾವುಟ ಇರುತ್ತಿತ್ತು. ಚಾರ್ಲ್‌ಸ್ಟನ್ನಿನ ಚರ್ಚಿನಲ್ಲಿ ಕಪ್ಪು ಜನರ ಹತ್ಯೆ ನಡೆದ ಬಳಿಕ ವಾರ್ನರ್ ಬ್ರದರ್ಸ್ ಆ ಬಾವುಟವಿರುವ ಮಾದರಿಗಳಿಗೆ ಅನುಮತಿ ಕೊಡುವುದನ್ನು ನಿಲ್ಲಿಸಿತು.

ಇನ್ನು ಹೊರಬಾರದೇ ಉಳಿದವು. ಕಿಟ್ ಎರೆಯುವ ಉಕ್ಕಿನ ಅಚ್ಚಿಗೆ ಖರ್ಚು ಬಹಳ. ಆದ್ದರಿಂದ ಕಂಪನಿಗಳು ಮೊದಲು ಚಿತ್ರ ಬರೆಸಿ, ಕ್ಯಾಟಲಾಗಿನಲ್ಲಿ ಹಾಕಿ, ವ್ಯಾಪಾರ ಮೇಳದಲ್ಲಿ ಖಾಲಿ ಪೆಟ್ಟಿಗೆ ಇಟ್ಟು, ಅಂಗಡಿಯವರಿಂದ ಬೇಡಿಕೆ ಎಷ್ಟು ಬರುತ್ತದೆಂದು ಕಾಯುವುದುಂಟು. ಬೇಡಿಕೆ ಬರದಿದ್ದರೆ ಕಾರು ಅಲ್ಲಿಗೇ ನಿಂತಿತು. ಕ್ಯಾಟಲಾಗ್ ನೋಡಿ ದುಡ್ಡು ಕೂಡಿಟ್ಟ ಮಗುವಿಗೆ ಯಾರೂ ತಿಳಿಸುವುದಿಲ್ಲ.

ಈ ವಿಷಯದಲ್ಲಿ ಎಲ್ಲಕ್ಕಿಂತ ಹೆಚ್ಚು ಹೇಳುವ ಉದಾಹರಣೆ ಕಾರಿನದಲ್ಲ, 'ಸ್ಟಾರ್ ವಾರ್ಸ್' ಗೊಂಬೆಗಳದು. 1977ರಲ್ಲಿ ಸಿನಿಮಾ ಗೆದ್ದಿತು, ಕೆನ್ನರ್ ಕಂಪನಿಯ ಗೊಂಬೆಗಳು ಸಿದ್ಧವಾಗಿರಲಿಲ್ಲ. ಕ್ರಿಸ್‌ಮಸ್ ತಪ್ಪಿಸಿಕೊಳ್ಳಬಾರದೆಂದು ಕಂಪನಿ ಮಾರಿದ್ದು ರಟ್ಟಿನ ಲಕೋಟೆಯನ್ನು. ಒಳಗೆ ಗೊಂಬೆ ನಿಲ್ಲಿಸುವ ರಟ್ಟಿನ ಹಲಗೆ ಮತ್ತು ಒಂದು ಚೀಟಿ. ಚೀಟಿಯನ್ನು ಅಂಚೆಗೆ ಹಾಕಿದರೆ ಮುಂದಿನ ವರ್ಷ ಗೊಂಬೆ ಬರುತ್ತದೆ. ಹಬ್ಬದ ದಿನ ಮಕ್ಕಳು ಬಿಚ್ಚಿದ್ದು ಭರವಸೆಯನ್ನು ಮಾತ್ರ.

ಎರಡು ವರ್ಷ ಕಳೆದು ಅದೇ ಕಂಪನಿ ಇನ್ನೊಂದು ಆಮಿಷ ಒಡ್ಡಿತು: ನಾಲ್ಕು ಗೊಂಬೆ ಕೊಂಡ ಗುರುತು ಕಳಿಸಿದರೆ, ಬೆನ್ನಿನಿಂದ ಕ್ಷಿಪಣಿ ಹಾರಿಸುವ 'ಬೋಬಾ ಫೆಟ್' ಉಚಿತ. ಕಾರ್ಡಿನ ಮೇಲೆ ಕ್ಷಿಪಣಿ ಹಾರುವ ಚಿತ್ರವೂ ಅಚ್ಚಾಗಿತ್ತು. ಅಷ್ಟರಲ್ಲಿ ಬೇರೊಂದು ಕಂಪನಿಯ ಆಟಿಕೆಯ ಕ್ಷಿಪಣಿ ಗಂಟಲಲ್ಲಿ ಸಿಕ್ಕಿ ಒಂದು ಮಗು ತೀರಿಕೊಂಡಿತ್ತು. ಕೆನ್ನರ್ ಸ್ಪ್ರಿಂಗು ತೆಗೆದು, ಕ್ಷಿಪಣಿಯನ್ನು ಗಟ್ಟಿಯಾಗಿ ಅಂಟಿಸಿಯೇ ಗೊಂಬೆ ಕಳಿಸಿತು. ಆಗಲೇ ಅಚ್ಚಾಗಿದ್ದ ಕಾರ್ಡುಗಳಲ್ಲಿ ಕ್ಷಿಪಣಿಯ ಭಾಗದ ಮೇಲೆ ಚೀಟಿ ಹಚ್ಚಿ ಮುಚ್ಚಿದರು. ಆ ಚೀಟಿ ಹಚ್ಚಿದ ಕಾರ್ಡು ನನಗೆ ಆಟಿಕೆ ವ್ಯಾಪಾರದ ಅತ್ಯಂತ ಪ್ರಾಮಾಣಿಕ ಕಾಗದದ ತುಂಡು. ಹೇಳಿದ ಮಾತು, ಅದನ್ನು ಹಿಂತೆಗೆದುಕೊಂಡದ್ದು, ಯಾಕೆ ತೆಗೆದುಕೊಳ್ಳಬೇಕಾಯಿತೆಂಬುದು, ಎಲ್ಲವೂ ಒಂದೇ ರಟ್ಟಿನ ಮೇಲಿವೆ. ಹೊರಬಾರದ ಆ ಕ್ಷಿಪಣಿ ಬಿಡುವ ಮಾದರಿಯೊಂದು 2024ರ ಹರಾಜಿನಲ್ಲಿ 5,25,000 ಡಾಲರಿಗೆ ಹೋಯಿತು. ಮಕ್ಕಳಿಗೆ ಅಪಾಯವೆಂದು ಕೈಬಿಟ್ಟದ್ದು ದೊಡ್ಡವರ ಕಪಾಟಿನಲ್ಲಿ ಬಂಗಾರವಾಯಿತು.

ಕಾರುಗಳಲ್ಲಿ ಇದಕ್ಕೆ ಸಮನಾದದ್ದು ಮ್ಯಾಟೆಲ್ ಕಂಪನಿಯ ಹಾಟ್ ವೀಲ್ಸ್‌ನ 'ಬೀಚ್ ಬಾಂಬ್'. 1969ರಲ್ಲಿ ಮಾಡಿದ ಆ ಪುಟ್ಟ ಫೋಕ್ಸ್‌ವ್ಯಾಗನ್ ವ್ಯಾನಿನ ಹಿಂಗಿಟಕಿಯಿಂದ ಅಲೆಯ ಮೇಲೆ ಜಾರುವ ಹಲಗೆಗಳು ಹೊರಚಾಚಿದ್ದವು. ವ್ಯಾನು ತೀರಾ ಕಿರಿದಾಗಿ, ಓಟದ ಪಟ್ಟಿಯ ಮೇಲೆ ವೇಗ ಕೊಡುವ ಯಂತ್ರಕ್ಕೆ ಹೊಂದಲಿಲ್ಲ. ಅಗಲ ಮಾಡಿ, ಹಲಗೆಗಳನ್ನು ಪಕ್ಕಕ್ಕೆ ಸರಿಸಿ ಮಾರಿದರು. ಹಳೆಯ ರೂಪದ ಕೆಲವೇ ಮಾದರಿಗಳ ಹಿಂದೆ ಇಂದು ಸಂಗ್ರಾಹಕರು ಬಿದ್ದಿದ್ದಾರೆ.

ಮಕ್ಕಳಿಂದ ಸಂಗ್ರಾಹಕರ ಕಡೆಗೆ ಮಾರಾಟಗಾರರ ದೃಷ್ಟಿ ಹೊರಳಿದ್ದು ಒಂದು ದಿನದಲ್ಲಲ್ಲ. 1968ರಲ್ಲಿ ಮ್ಯಾಟೆಲ್ 16 ಹಾಟ್ ವೀಲ್ಸ್ ಕಾರುಗಳೊಂದಿಗೆ ಬಂದಾಗ ಕಾರು ರಟ್ಟಿನ ಮೇಲೆ ಪಾರದರ್ಶಕ ಗುಳ್ಳೆಯೊಳಗೆ ಕೂತಿತ್ತು. ವಸ್ತು ಮತ್ತೆ ಕಣ್ಣಿಗೆ ಬಿತ್ತು, ಆದರೆ ಮುಟ್ಟಲು ಆಗುವುದಿಲ್ಲ. ಮುಟ್ಟಬೇಕೆಂದರೆ ಕಾರ್ಡು ಹರಿಯಬೇಕು. ಹರಿಯದೇ ಇಟ್ಟುಕೊಳ್ಳುವ ಅಭ್ಯಾಸಕ್ಕೆ ಇಲ್ಲಿಯೇ ಬೀಜ ಬಿತ್ತು. 1995ರಲ್ಲಿ ಅದೇ ಕಂಪನಿ 'ಟ್ರೆಷರ್ ಹಂಟ್' ಎಂದು 12 ಕಾರುಗಳನ್ನು, ಒಂದೊಂದನ್ನೂ 10,000ದಷ್ಟೇ ಮಾಡಿ ಸಾಮಾನ್ಯ ಕಾರುಗಳ ನಡುವೆ ಬೆರೆಸಿತು. ಕೊರತೆಯನ್ನೇ ಸರಕು ಮಾಡಿದ್ದು ಅದು. 2020ರಿಂದ ಲೆಗೊ ಕಂಪನಿ '18+' ಎಂದು ಬರೆದ ಕಪ್ಪು ಪೆಟ್ಟಿಗೆಗಳನ್ನು ದೊಡ್ಡವರಿಗೆಂದೇ ತಂದಿದೆ. ದೊಡ್ಡವರು ಆಡಿದರೆ ತಪ್ಪೇನಿಲ್ಲ. ತೆರೆಯದ ಪೆಟ್ಟಿಗೆಗೆ ತೆರೆದದ್ದಕ್ಕಿಂತ ಬೆಲೆ ಹೆಚ್ಚಾದಾಗ ಮಾತ್ರ ಹವ್ಯಾಸ ಕೈಯಿಂದ ಜಾರಿ ಖಜಾನೆಗೆ ಸೇರುತ್ತದೆ. ಅದು ನನಗೆ ನೋವಿನ ಸಂಗತಿ.

ನಮ್ಮ ಚನ್ನಪಟ್ಟಣ ಇದೇ ಹಾದಿಯಲ್ಲಿ ಎದುರುಗಡೆಯಿಂದ ಬಂದಿದೆ. ಆಲೆಮರದ ತುಂಡು ಲೇತ್ ಯಂತ್ರದಲ್ಲಿ ತಿರುಗುತ್ತಿರುವಾಗಲೇ ಅರಗಿನ ಕಡ್ಡಿ ಒತ್ತುತ್ತಾರೆ. ತಿಕ್ಕಾಟದ ಕಾವಿಗೆ ಅರಗು ಕರಗಿ ಮರಕ್ಕೆ ಹತ್ತುತ್ತದೆ, ಮೇಲೆ ತಾಳೆಗರಿ ಹಿಡಿದು ಉಜ್ಜಿದರೆ ಹೊಳಪು. ಹೀಗೆ ಮಾಡಿದ ಮರದ ಕಾರಿಗೆ ಬಹುಕಾಲ ಪೆಟ್ಟಿಗೆಯೇ ಇರಲಿಲ್ಲ. ಮೈಸೂರು ರಸ್ತೆಯ ಅಂಗಡಿಗಳಲ್ಲಿ ಬಣ್ಣವೇ ಅದರ ಜಾಹೀರಾತು. 2005–06ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ಸಿಕ್ಕಿತು. 2020ರ ಆಗಸ್ಟಿನ 'ಮನ್ ಕೀ ಬಾತ್'ನಲ್ಲಿ ಪ್ರಧಾನಿ ಚನ್ನಪಟ್ಟಣದ ಹೆಸರು ಹೇಳಿದರು. ಅದೇ ವರ್ಷ ಆಮದು ಆಟಿಕೆಯ ಸುಂಕ ಶೇ. 20ರಿಂದ 60ಕ್ಕೆ ಏರಿತು. 2021ರ ಜನವರಿ 1ರಿಂದ ಆಟಿಕೆಗಳಿಗೆ ಐಎಸ್‌ಐ ಗುರುತು ಕಡ್ಡಾಯವಾಯಿತು. ನೋಂದಾಯಿತ ಕುಶಲಕರ್ಮಿಗಳಿಗೆ ಮತ್ತು ಭೌಗೋಳಿಕ ಸೂಚಕವಿರುವ ಆಟಿಕೆಗಳಿಗೆ ವಿನಾಯಿತಿ ಕೊಟ್ಟರು. ಈ ನಡುವೆ ಏರ್‌ಫಿಕ್ಸ್‌ನ ಹೊಸ ಪೆಟ್ಟಿಗೆಗಳಲ್ಲೂ ಎಷ್ಟೋ ಕಡೆ 'ಭಾರತದಲ್ಲಿ ತಯಾರಾದದ್ದು' ಎಂಬ ಸಾಲು ಕಾಣಿಸಿಕೊಂಡಿದೆ.

ಇಂದು ಚನ್ನಪಟ್ಟಣದ ಕಾರು ಆನ್‌ಲೈನಿನಲ್ಲಿ ಕೊಂಡರೆ ಒಳ್ಳೆಯ ರಟ್ಟಿನ ಪೆಟ್ಟಿಗೆಯಲ್ಲಿ ಉಮ್ಮಚಗಿಗೂ ಬರುತ್ತದೆ. ಪೆಟ್ಟಿಗೆಯ ಮೇಲೆ ಬ್ರಾಂಡಿನ ಹೆಸರು, ವಯಸ್ಸಿನ ಮಿತಿ, ವಿಷವಿಲ್ಲದ ಬಣ್ಣವೆಂಬ ಭರವಸೆ ಎಲ್ಲ ಇರುತ್ತದೆ. ಏರ್‌ಫಿಕ್ಸ್‌ನ ಮುಚ್ಚಳದ ಚಿತ್ರ ಬರೆದವರು ಯಾರೆಂದು ಇವತ್ತಿಗೂ ಲೋಕಕ್ಕೆ ಗೊತ್ತಿದೆ. ಆ ಮರದ ಕಾರನ್ನು ಲೇತ್ ಯಂತ್ರದಲ್ಲಿ ಕಡೆದವರ ಹೆಸರಿಗೂ ಪೆಟ್ಟಿಗೆಯ ಮೇಲೆ ಒಂದು ಸಾಲು ಮೀಸಲಿಡಬೇಕೆಂದು ತಯಾರಕರನ್ನು ನಾವು, ಕೊಳ್ಳುವವರು, ಕೇಳಬಹುದು. ಅದಕ್ಕೆ ಹೊಸ ಅಚ್ಚೂ ಬೇಡ, ಹೆಚ್ಚಿನ ಖರ್ಚೂ ಇಲ್ಲ.